ಕಪ್ಪು ಸಮುದ್ರಕ್ಕೆ ಹೋಗುವವರ ಗಮನಕ್ಕೆ

ವೆಲ್‌ಫೇರ್ ಆಫೀಸರು ಆ ಪುಸ್ತಿಕೆಯನ್ನು ತಂದು ನನ್ನ ಟೈಪ್‌ರೈಟರಿನ ಮೇಲೆಯೇ ಇಟ್ಟರು. ಮುಖಪುಟದಲ್ಲಿ ನೀಲಿ ನೀರು, ಹಳದಿ ಮರಳು, ಬಣ್ಣದ ಛತ್ರಿಯ ಕೆಳಗೆ ಅರೆಬರೆ ಬಟ್ಟೆಯಲ್ಲಿ ಮಲಗಿ ನಗುತ್ತಿದ್ದ ಒಬ್ಬ ಹೆಂಗಸು. ನಾನು ತಕ್ಷಣ ಅದನ್ನು ಮಗುಚಿ ಹಾಕಿದೆ. ಎದುರಿನ ಟೈಮ್ ಆಫೀಸಿನವರು ಆಗಲೇ ಕತ್ತು ಉದ್ದ ಮಾಡಿಯಾಗಿತ್ತು.

"ಮೇಡಂ, ಇದನ್ನ ಕನ್ನಡ ಮಾಡ್ಬಿಡಿ. ಶುಕ್ರವಾರಕ್ಕೆ ಬೇಕು."

"ಯಾವ ಶುಕ್ರವಾರ ಸಾರ್?"

"ಇದೇ ಶುಕ್ರವಾರ ಕಣ್ರೀ. ಇವತ್ತು ಇನ್ನೂ ಸೋಮವಾರ ತಾನೇ?"

ಎಂಬತ್ತರ ದಶಕ ಶುರುವಾಗಿ ಹೆಚ್ಚು ದಿನ ಆಗಿರಲಿಲ್ಲ. ಪೀಣ್ಯದಲ್ಲಿ ಲೇತ್ ಯಂತ್ರಗಳನ್ನು ತಯಾರಿಸುವ ಒಂದು ಸರ್ಕಾರಿ ಕಾರ್ಖಾನೆಯ ಕಲ್ಯಾಣ ವಿಭಾಗದಲ್ಲಿ ನಾನು ಕನ್ನಡ ಟೈಪಿಸ್ಟು. ಖಾಯಂ ಆಗಿ ಆರು ತಿಂಗಳೂ ತುಂಬಿರಲಿಲ್ಲ. ಬೆಳಿಗ್ಗೆ ಚಿಕ್ಕಬಾಣಾವರದಿಂದ ಫ್ಯಾಕ್ಟರಿ ಬಸ್ಸಿನಲ್ಲಿ ಬಂದು, ಹೆಲ್ಮೆಟ್ಟು ಹಾಕಿಕೊಳ್ಳಿ, ಕ್ಯಾಂಟೀನಿನಲ್ಲಿ ತಟ್ಟೆ ಬಿಡಬೇಡಿ ಎಂಬ ಸುತ್ತೋಲೆಗಳನ್ನು ಹೊಡೆದು, ಸಂಜೆ ಅದೇ ಬಸ್ಸಿನಲ್ಲಿ ಮನೆಗೆ ಹೋಗುವುದು ನನ್ನ ಕೆಲಸ. ಇಡೀ ಕಾರ್ಖಾನೆಗೆ ಕನ್ನಡದ ಟೈಪ್‌ರೈಟರು ಇದ್ದದ್ದು ಒಂದೇ, ಅದು ನನ್ನ ಮುಂದೆ ಇತ್ತು. ಆ ಜಂಬ ನನಗೆ ಸಾಕಷ್ಟಿತ್ತು.

ಪುಸ್ತಿಕೆ ಬಂದದ್ದು ಬಲ್ಗೇರಿಯಾದಿಂದ. ಅಲ್ಲಿನ ಒಂದು ಯಂತ್ರ ಕಾರ್ಖಾನೆ ನಮಗೆ ದೊಡ್ಡದೊಂದು ಮಷೀನು ಕೊಟ್ಟಿತ್ತು. ಅದನ್ನು ಜೋಡಿಸಿ ನಿಲ್ಲಿಸಲು ಬಂದ ಇಂಜಿನಿಯರೊಬ್ಬರು ಮೂರು ವಾರದಿಂದ ಅಸೆಂಬ್ಲಿ ಶೆಡ್ಡಿನಲ್ಲೇ ಬೀಡುಬಿಟ್ಟಿದ್ದರು. ಆ ಕಾರ್ಖಾನೆಗೆ ಕಪ್ಪು ಸಮುದ್ರದ ದಡದಲ್ಲಿ ಸ್ವಂತ ವಿಶ್ರಾಂತಿಧಾಮವಿತ್ತಂತೆ. ಅವರ ಕಾರ್ಮಿಕರು ಬೇಸಿಗೆಯಲ್ಲಿ ಹೆಂಡತಿ ಮಕ್ಕಳ ಜೊತೆ ಅಲ್ಲಿ ಹೋಗಿ ಇರುತ್ತಾರಂತೆ. ಸ್ನೇಹದ ಗುರುತಿಗೆ ನಮ್ಮ ಕಡೆಯಿಂದ ನಾಲ್ವರು ಕಾರ್ಮಿಕರು, ಅವರ ಹೆಂಡತಿಯರು, ಎರಡು ವಾರ ಬರಲಿ ಎಂದು ಅವರ ಯೂನಿಯನ್ ಕರೆದಿತ್ತು. ಶಾಪು ಎಂದು ಕರೆಯುವ ನಾಲ್ಕು ವಿಭಾಗಗಳವರು ಕೈ ಎತ್ತಿ ತಮ್ಮ ತಮ್ಮವರನ್ನು ಆರಿಸಿದ್ದರು. ಮಷೀನ್ ಶಾಪಿನಿಂದ ಟರ್ನರು, ಅಸೆಂಬ್ಲಿಯಿಂದ ಫಿಟ್ಟರು, ಪೇಂಟ್ ಶಾಪಿನಿಂದ ಪೇಂಟರು, ಫೌಂಡ್ರಿಯಿಂದ ಮೋಲ್ಡರು.

ಈ ಕಥೆ ಮುಖ್ಯವಾಗಿ ಮೋಲ್ಡರದ್ದು. ನಾಗಸಂದ್ರದವರು, ಐವತ್ತರ ಹತ್ತಿರದ ವಯಸ್ಸು. ಕಾರ್ಖಾನೆಗೆ ಅವರ ಹೊಲ ಹೋಗಿ, ಅದರ ಬದಲಿಗೆ ಕೆಲಸ ಸಿಕ್ಕಿತ್ತು. ಕಾದ ಕಬ್ಬಿಣ ಹೊಯ್ಯಲು ಮರಳಿನಲ್ಲಿ ಅಚ್ಚು ಕಟ್ಟುವುದು ಅವರ ಕಸುಬು. ಕನ್ನಡವನ್ನು ಅಕ್ಷರ ಕೂಡಿಸಿಕೊಂಡು ಓದುತ್ತಿದ್ದರು. ಇಂಗ್ಲಿಷಿನಲ್ಲಿ ಬರುತ್ತಿದ್ದದ್ದು ಓಕೆ, ರಿಜೆಕ್ಟ್ ಎಂಬ ಎರಡೇ ಮಾತು.

ಇದೇ ಪರ್ಸನೆಲ್ ಮ್ಯಾನೇಜರ ತಲೆಬಿಸಿ. "ಅಲ್ಲಿ ಹೋಗಿ ಫ್ಯಾಕ್ಟರಿ ಮಾನ ಕಳೀಬಾರದು" ಎಂದು ಅವರು ಒಂದು ಷರತ್ತು ಹಾಕಿದ್ದರು. ಮುಂದಿನ ವಾರದ ಶನಿವಾರ ಗೆಸ್ಟ್ ಹೌಸಿನಲ್ಲಿ ಬಲ್ಗೇರಿಯಾದ ಇಂಜಿನಿಯರ ಜೊತೆ ಒಂದು ಟೀ. ಅಲ್ಲಿ ಯಾರು ಸುಧಾರಿಸುತ್ತಾರೋ ಅವರು ಹೋಗಬಹುದು. ಸುಧಾರಿಸದವರ ಜಾಗಕ್ಕೆ ಆಫೀಸರುಗಳ ಪಟ್ಟಿ ಆಗಲೇ ತಯಾರಿತ್ತು. ಆ ಪಟ್ಟಿಯವರ ಕಣ್ಣೆಲ್ಲ ಫೌಂಡ್ರಿಯ ಜಾಗದ ಮೇಲೆ.

ಸೋಮವಾರ, ಮಂಗಳವಾರ ಎರಡು ದಿನ ಕೂತು ನಾನು ಕನ್ನಡ ಮಾಡಿದೆ. ಪುಸ್ತಿಕೆಯ ಇಂಗ್ಲಿಷು ಅಷ್ಟಕ್ಕಷ್ಟೇ. ನನ್ನ ಕನ್ನಡವೋ, ಕಾಲೇಜಿನಲ್ಲಿ ಬಹುಮಾನ ಗೆದ್ದ ಕನ್ನಡ. 'ಅತಿಥಿಗಳು ಸೂರ್ಯಸ್ನಾನವನ್ನು ಕ್ರಮೇಣ ವರ್ಧಿಸತಕ್ಕದ್ದು', 'ಸಮುದ್ರಸ್ನಾನವು ಆರೋಗ್ಯವರ್ಧಕವಾಗಿರುತ್ತದೆ' ಎಂದೆಲ್ಲ ಸ್ಟೆನ್ಸಿಲ್ ಕೊರೆದು, ಸೈಕ್ಲೋಸ್ಟೈಲ್ ಮಾಡಿಸಿ, ಬುಧವಾರ ಮೊದಲ ಪಾಳಿ ಮುಗಿದ ಮೇಲೆ ನಾಲ್ವರನ್ನೂ ಕೂರಿಸಿಕೊಂಡು ಹೆಮ್ಮೆಯಿಂದ ಓದಿದೆ. ಓದಿ ಮುಗಿಸಿದಾಗ ಟರ್ನರು ಆಕಳಿಸುತ್ತಿದ್ದರು.

ಮೋಲ್ಡರು ಕೇಳಿದರು, "ಅಕ್ಕ, ಸೂರ್ಯಸ್ನಾನ ಅಂದ್ರೆ ಸೂರ್ಯಂಗೆ ನಾವು ನೀರಾಕದಾ?"

"ಅಲ್ಲ, ಬಿಸಿಲಲ್ಲಿ ಮಲಗಿ ಮೈ ಕಾಯಿಸ್ಕೊಳ್ಳೋದು."

"ಅದನ್ನ ದಿನಾ ಫರ್ನೇಸ್ ಮುಂದೆ ಮಾಡ್ತಾನೇ ಇವ್ನಲ್ಲ. ಅದಕ್ಕೆ ಇಮಾನ ಅತ್ತಬೇಕಾ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಎರಡು ದಿನದ ಕೆಲಸ ನೀರಿಗೆ ಹೋದ ಸಿಟ್ಟಿತ್ತು. ಆಗ ಮೋಲ್ಡರೇ ತಮ್ಮ ಜೇಬಿನಿಂದ ಎಣ್ಣೆ ಮೆತ್ತಿದ ಒಂದು ಹಾಳೆ ತೆಗೆದು ನನ್ನ ಮುಂದೆ ಬಿಡಿಸಿದರು. ಅದು ಅವರ ಶಾಪಿನ ಆಪರೇಷನ್ ಶೀಟು. ಒಂದು ಕೆಲಸವನ್ನು ಹತ್ತು, ಇಪ್ಪತ್ತು, ಮೂವತ್ತು ಎಂದು ಹಂತಹಂತವಾಗಿ ಬರೆದು, ಪ್ರತಿ ಹಂತದ ಮುಂದೆ ಬೇಕಾದ ಸಾಧನ, ವಹಿಸಬೇಕಾದ ಎಚ್ಚರಿಕೆ, ಕೊನೆಗೆ ತಪಾಸಣೆ.

"ಇಂಗೆ ಬರ್ಕೊಡಿ ಅಕ್ಕ. ನಮ್ಗೆ ಇಂಗಿದ್ರೆ ಗೊತ್ತಾಯ್ತದೆ."

ಮೊದಲು ನನ್ನ ಮುಖ ಸಪ್ಪಗಾಯಿತು. ಆಮೇಲೆ ನೋಡಿದರೆ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಗುರುವಾರ ಇಡೀ ದಿನ ಕೂತು ಪುಸ್ತಿಕೆಯನ್ನೆಲ್ಲ ಕಿತ್ತು ಆಪರೇಷನ್ ಶೀಟು ಮಾಡಿದೆ. ಅದರ ಒಂದು ಸಾಲು ನನಗೆ ಇನ್ನೂ ಬಾಯಿಪಾಠ. 'ಹಂತ ೪೦: ನೀರಿಗೆ ಇಳಿಯುವುದು. ಸಾಧನ: ಟವೆಲು, ಬದಲಿ ಬಟ್ಟೆ. ಎಚ್ಚರಿಕೆ: ಕೆಂಪು ಬಾವುಟ ಕಂಡರೆ ಇಳಿಯಬಾರದು, ಊಟವಾದ ತಕ್ಷಣ ಇಳಿಯಬಾರದು. ತಪಾಸಣೆ: ನೀರು ಸೊಂಟ ದಾಟಿತೇ ನೋಡಿ. ದಾಟಿದ್ದರೆ ಹಿಂದಕ್ಕೆ ಬನ್ನಿ.' ನಾನು ಅಲ್ಲಿಯವರೆಗೆ ಸಮುದ್ರವನ್ನು ಕ್ಯಾಲೆಂಡರಿನಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ. ಹಾಗಿದ್ದೂ ಎಷ್ಟು ಧೈರ್ಯವಾಗಿ ಬರೆದಿದ್ದೆ ಎಂದು ಈಗ ನಗು ಬರುತ್ತದೆ.

ಪುಸ್ತಿಕೆಯಲ್ಲಿ ಇಲ್ಲದ ಪ್ರಶ್ನೆಗಳು ಮನೆಗಳಿಂದ ಬಂದವು. ಸೀರೆ ಉಟ್ಟುಕೊಂಡು ನೀರಿಗಿಳಿಯಬಹುದೇ? ನಾನು ಅಸೆಂಬ್ಲಿ ಶೆಡ್ಡಿಗೆ ಹೋಗಿ ಬಲ್ಗೇರಿಯಾದ ಇಂಜಿನಿಯರನ್ನೇ ಕೇಳಿದೆ. ಅವರು ಕೈ ಒರೆಸಿಕೊಳ್ಳುತ್ತಾ, ತಮ್ಮ ಮುರುಕು ಇಂಗ್ಲಿಷಿನಲ್ಲಿ, "ಸಮುದ್ರಕ್ಕೆ ಏನೂ ಅಭ್ಯಂತರ ಇಲ್ಲ" ಎಂದರು. ಅನ್ನ ಸಿಗುತ್ತದೆಯೇ? ಸಿಗುತ್ತದೆ. ಮೊಸರು? ಆ ಮನುಷ್ಯ ಎದೆಯ ಮೇಲೆ ಕೈ ಇಟ್ಟುಕೊಂಡರು. ಮೊಸರು ಅವರ ದೇಶದ್ದೇ ಅಂತೆ, ಅಂಥ ಮೊಸರು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲವಂತೆ. ಈ ಸುದ್ದಿ ಕೇಳಿ ನಾಲ್ಕು ಮನೆಗಳಲ್ಲಿ ಅರ್ಧ ಭಯ ಹೋಯಿತು.

ಉಳಿದರ್ಧ ಮೋಲ್ಡರ ತಾಯಿಯದು. ಸಮುದ್ರವನ್ನು ಕಂಡ ಕಂಡ ದಿನ ಮುಟ್ಟುವ ಹಾಗಿಲ್ಲ, ಅಮಾವಾಸ್ಯೆ ಇಲ್ಲವೇ ಹುಣ್ಣಿಮೆಯಾಗಬೇಕು ಎಂದು ಆ ಮುದುಕಿ ಪಟ್ಟು ಹಿಡಿದಿದ್ದರು. ನಾನು ಪಂಚಾಂಗ ತೆಗೆದು ನೋಡಿದೆ. ಹದಿನಾಲ್ಕು ದಿನ ಇದ್ದರೆ ಎರಡರಲ್ಲಿ ಒಂದು ಸಿಕ್ಕೇ ಸಿಗಬೇಕಲ್ಲ. ಅವರು ಹೋಗುವ ದಿನಗಳಲ್ಲಿ ಹುಣ್ಣಿಮೆ ಆರನೆಯ ದಿನ ಬೀಳುತ್ತಿತ್ತು. ಮೋಲ್ಡರ ಹೆಂಡತಿ ಅತ್ತೆಯ ಜೊತೆ ಮಾತಾಡಿ ರಾಜಿ ಮಾಡಿಸಿದರು. ಮೊದಲ ಸಲ ಸರಿಯಾದ ದಿನ ಮುಟ್ಟಿಬಿಟ್ಟರೆ ಸಮುದ್ರಕ್ಕೆ ಪರಿಚಯವಾದ ಹಾಗೆ, ಆಮೇಲೆ ಯಾವ ದಿನವಾದರೂ ಆಗಬಹುದು ಎಂದು ತೀರ್ಮಾನವಾಯಿತು. ನಾನು ಶೀಟಿನಲ್ಲಿ ಅದನ್ನೂ ಸೇರಿಸಿದೆ.

ಇಷ್ಟೆಲ್ಲ ಕೇಳಿಕೊಂಡು ಬಂದವಳು ನಾಲ್ಕನೆಯ ಪುಟದ ವಿಷಯವನ್ನು ಮಾತ್ರ ಆ ಇಂಜಿನಿಯರ ಹತ್ತಿರ ಕೇಳಲಿಲ್ಲ. ಅಚ್ಚಾದದ್ದನ್ನು ಅನುಮಾನಿಸುವ ಅಭ್ಯಾಸ ನನಗಿರಲಿಲ್ಲ.

ನಾಲ್ಕನೆಯ ಪುಟದಲ್ಲಿ ಇದ್ದದ್ದು ಇಷ್ಟು: ನಮ್ಮ ದೇಶದಲ್ಲಿ ಹೌದು, ಅಲ್ಲ ಎನ್ನುವುದಕ್ಕೆ ತಲೆಯಾಡಿಸುವ ರೀತಿ ನಿಮ್ಮದಕ್ಕೆ ಪೂರ್ತಿ ವಿರುದ್ಧ, ಅತಿಥಿಗಳು ಎಚ್ಚರ ವಹಿಸಬೇಕು. ನಾನು ಅದನ್ನು ಶೀಟಿಗೆ ಇಳಿಸಿದೆ. 'ಹಂತ ೭೦: ತಲೆಯಾಡಿಸುವುದು. ಹೌದು ಎನ್ನಬೇಕಾದಾಗ ಅಲ್ಲ ಎನ್ನುವ ಹಾಗೆ, ಅಲ್ಲ ಎನ್ನಬೇಕಾದಾಗ ಹೌದು ಎನ್ನುವ ಹಾಗೆ ತಲೆಯಾಡಿಸಿ. ಸಾಧನ: ಕುತ್ತಿಗೆ.' ಸಾಧನ ಕುತ್ತಿಗೆ ಎಂದು ಬರೆದದ್ದಕ್ಕೆ ವೆಲ್‌ಫೇರ್ ಆಫೀಸರು ಬಿದ್ದು ಬಿದ್ದು ನಕ್ಕರು.

ಉಳಿದದ್ದನ್ನೆಲ್ಲ ಓದಿದರೆ ಸಾಕು, ಇದಕ್ಕೆ ಮಾತ್ರ ಅಭ್ಯಾಸ ಬೇಕು ಎಂದು ನನಗನ್ನಿಸಿತು. ಇಂಗ್ಲಿಷು ಬಾರದ ಮೋಲ್ಡರಿಗೆ ತಲೆಯೇ ನಾಲಿಗೆಯಲ್ಲವೇ? ಸೋಮವಾರದಿಂದ ಶುಕ್ರವಾರದವರೆಗೆ ಪಾಳಿ ಬಿಟ್ಟ ಮೇಲೆ ಅರ್ಧ ಗಂಟೆ ತಾಲೀಮು. ನಮ್ಮ ಕಡೆ ಹೌದು ಅನ್ನುವುದಕ್ಕೆ ತಲೆಯನ್ನು ಆ ಭುಜಕ್ಕೊಮ್ಮೆ ಈ ಭುಜಕ್ಕೊಮ್ಮೆ ವಾಲಿಸುತ್ತೇವೆ. ಬೇಡ ಅನ್ನುವುದಕ್ಕೆ ಗದ್ದ ಮೇಲೆತ್ತಿ ನಾಲಿಗೆಯಲ್ಲಿ 'ಚ್' ಎನ್ನುತ್ತೇವೆ. ಎರಡನ್ನೂ ಅದಲುಬದಲು ಮಾಡಿಸಿದೆ. "ಟೀ ಬೇಕಾ?" ಎಂದು ನಾನು ಕೇಳಬೇಕು, ಅವರು ಗದ್ದ ಎತ್ತಿ 'ಚ್' ಎನ್ನಬೇಕು. "ಹುಷಾರಿಲ್ವಾ?" ಎಂದರೆ ತಲೆ ವಾಲಿಸಬೇಕು. ಟರ್ನರು, ಫಿಟ್ಟರು, ಪೇಂಟರು ಮೂವರೂ ತಪ್ಪು ಮಾಡಿ ಮಾಡಿ ಬೇಸತ್ತು, ಅಲ್ಲಿ ಬಾಯಲ್ಲೇ ಎಸ್, ನೋ ಅಂದುಬಿಡುತ್ತೇವೆ ಎಂದು ಕೈಬಿಟ್ಟರು. ಮೋಲ್ಡರು ಬಿಡಲಿಲ್ಲ. ನಿಷ್ಠೆಯ ಮನುಷ್ಯ. ಮನೆಯಲ್ಲೂ ಅಭ್ಯಾಸ ಮಾಡಿದರು.

ಗುರುವಾರ ಹೊಟ್ಟೆ ಹಿಡಿದುಕೊಂಡು ಬಂದರು. "ರಾತ್ರಿ ನಮ್ಮನೇಲಿ ಇನ್ನೊಂದು ಮುದ್ದೆ ಇಕ್ಲಾ ಅಂದ್ಲು. ಬ್ಯಾಡ ಅನ್ನಕ್ಕೆ ನೀವು ಏಳ್ಕೊಟ್ಟಂಗೆ ತಲೆ ಆಡಿಸ್ದೆ. ಇಕ್ಕೇಬುಟ್ಲು. ಅಂಗೇ ಮೂರು ತಿಂದೆ ಕಣಕ್ಕ."

"ಅವರೂ ತಾಲೀಮಿಗೆ ಬರ್ಬೇಕಿತ್ತು" ಎಂದೆ.

"ಅವ್ಳಿಗೆ ಅಸ ಕರೆಯೋ ಒತ್ತು. ಬರಾಕಿಲ್ಲ ಅಂದ್ಲು."

ಮೋಲ್ಡರ ಕುತ್ತಿಗೆ ಅಷ್ಟು ಚೆನ್ನಾಗಿ ಪಳಗಿದ್ದು ನೋಡಿ ನನಗೆ ಬಹಳ ಸಂತೋಷವಾಗಿತ್ತು. ಅವರ ಜಾಗ ಉಳಿಸಿಕೊಟ್ಟೆ ಅಂತಲೇ ಅಂದುಕೊಂಡಿದ್ದೆ.

ಶನಿವಾರ ಗೆಸ್ಟ್ ಹೌಸಿನಲ್ಲಿ ಬಿಳಿ ಬಟ್ಟೆ ಹಾಸಿದ ಉದ್ದ ಮೇಜು. ಬ್ರೆಡ್ಡು, ಬೆಣ್ಣೆ, ಕ್ಯಾಂಟೀನಿನವರು ಮಾಡಿದ ಕೇಕು. ಒಂದು ತುದಿಯಲ್ಲಿ ಪರ್ಸನೆಲ್ ಮ್ಯಾನೇಜರು ಫೈಲು ಬಿಚ್ಚಿಕೊಂಡು ಕೂತಿದ್ದರು. ನಾಲ್ಕು ಜೋಡಿ ಇಸ್ತ್ರಿ ಬಟ್ಟೆಯಲ್ಲಿ ಬಂದು ಸಾಲಾಗಿ ಕೂತರು. ನಾನೂ ವೆಲ್‌ಫೇರ್ ಆಫೀಸರೂ ಗೋಡೆ ಪಕ್ಕ ನಿಂತೆವು. ಬಲ್ಗೇರಿಯಾದ ಇಂಜಿನಿಯರು ಬಹಳ ಖುಷಿಯಲ್ಲಿದ್ದರು. ತಮ್ಮ ಮನೆಗೆ ಬಂದವರನ್ನು ಸತ್ಕರಿಸುವ ಹಾಗೆ ತಾವೇ ಎದ್ದು ಕೆಟಲ್ ಹಿಡಿದು ಒಬ್ಬೊಬ್ಬರ ಹತ್ತಿರ ಹೋದರು.

ಟರ್ನರು "ಎಸ್ ಸಾರ್" ಎಂದರು, ಟೀ ಬಂತು. ಫಿಟ್ಟರು, ಪೇಂಟರು, ಅವರ ಹೆಂಡತಿಯರು ಎಲ್ಲರಿಗೂ ಹಾಗೇ ಆಯಿತು. ಮೋಲ್ಡರ ಸರದಿ.

"ಟೀ?"

ಮೋಲ್ಡರು ಬೆನ್ನು ನೆಟ್ಟಗೆ ಮಾಡಿ, ಗದ್ದ ಎತ್ತಿ, ಸ್ಪಷ್ಟವಾಗಿ 'ಚ್' ಎಂದರು. ಇಂಜಿನಿಯರು "ಓ" ಎಂದು ಮುಂದೆ ಹೋದರು. ಕೇಕು ಬಂತು. ಮತ್ತೆ 'ಚ್'. ಕೇಕೂ ಮುಂದೆ ಹೋಯಿತು. ಬೆಳಿಗ್ಗೆ ಆರಕ್ಕೆ ಪಾಳಿ ಹತ್ತಿದ ಮನುಷ್ಯ. ಕೇಕಿನ ತಟ್ಟೆ ಹೋದ ದಾರಿಯನ್ನೇ ನೋಡುತ್ತಾ ಕೂತರು. ಇಂಜಿನಿಯರಿಗೆ ಅನುಮಾನ ಬಂತು. ಹತ್ತಿರ ಬಂದು ಹೊಟ್ಟೆ ತೋರಿಸಿ, ಹಣೆ ಮುಟ್ಟಿ, "ಸಿಕ್?" ಎಂದು ಕೇಳಿದರು. ಮೋಲ್ಡರಿಗೆ ಅರ್ಥವಾಯಿತು. ಇಲ್ಲಪ್ಪ, ಚೆನ್ನಾಗಿದ್ದೇನೆ ಎನ್ನಲು ನಾನು ಕಲಿಸಿದ ಹಾಗೆಯೇ ತಲೆಯನ್ನು ಆ ಕಡೆ ಈ ಕಡೆ ನಾಲ್ಕು ಸಲ ವಾಲಿಸಿದರು.

"ಡಾಕ್ಟರ್!" ಎಂದರು ಇಂಜಿನಿಯರು.

ಡಿಸ್ಪೆನ್ಸರಿಯ ಕಾಂಪೌಂಡರು ಓಡಿ ಬಂದು ಮೋಲ್ಡರ ಬಾಯಿಗೆ ಥರ್ಮಾಮೀಟರು ಇಟ್ಟರು. ಇನ್ನು ಅವರು ಮಾತಾಡುವ ಹಾಗೂ ಇರಲಿಲ್ಲ. ಮ್ಯಾನೇಜರ ಪೆನ್ನು ಫೈಲಿನ ಮೇಲೆ ಓಡಿತು.

ಏನು ತಪ್ಪಿತು ಎಂದು ಗೊತ್ತಾಗದೆ ಸುಮ್ಮನೆ ಮೇಜಿನ ಕಡೆ ನೋಡುತ್ತಿದ್ದೆ. ಮೋಲ್ಡರ ಹೆಂಡತಿ ಕಣ್ಣಿಗೆ ಬಿದ್ದರು. ಗಂಡನಿಗೆ ಏನೂ ಆಗಿಲ್ಲವೆಂದು ಅವರಿಗೆ ಗೊತ್ತಿತ್ತು, ಹಾಗಾಗಿ ನಿಶ್ಚಿಂತೆಯಿಂದ ತಿನ್ನುತ್ತಿದ್ದರು. ಇಂಜಿನಿಯರು ಅವರ ಹತ್ತಿರ ಮತ್ತೆ ಕೆಟಲ್ ತಂದರು. ಆಯಮ್ಮ ತಲೆ ವಾಲಿಸಿದರು, ಟೀ ಬಂತು. ಸಕ್ಕರೆ ತೋರಿಸಿದರು. ತಲೆ ವಾಲಿಸಿದರು, ಬಂತು. ಇನ್ನೊಂದು ಚಮಚ? ಗದ್ದ ಎತ್ತಿ 'ಚ್' ಎಂದರು. ಚಮಚ ತಕ್ಷಣ ಹಿಂದೆ ಹೋಯಿತು. ಒಂದು ಸಲವೂ ಎಡವಟ್ಟಾಗಲಿಲ್ಲ. ಆಮೇಲೆ ಆ ಮನುಷ್ಯ ಜೇಬಿನಿಂದ ತನ್ನ ಮಕ್ಕಳ ಫೋಟೋ ತೆಗೆದು ತೋರಿಸಿದರು, ಈಕೆ ಎರಡು ಬೆರಳು ತೋರಿಸಿ ಇಬ್ಬರೇನಾ ಎಂದು ಕೇಳಿದರು, ಅವರು ನಮ್ಮೂರಿನವರ ಹಾಗೇ ತಲೆ ವಾಲಿಸಿದರು.

ಆಗ ನನಗೆ ಹೊಳೆಯಿತು. ಪುಸ್ತಿಕೆಯಲ್ಲಿ 'ನಿಮ್ಮದಕ್ಕೆ ವಿರುದ್ಧ' ಎಂದು ಇತ್ತಲ್ಲ, ಆ 'ನಿಮ್ಮ' ನಾವಲ್ಲ. ಇಂಗ್ಲಿಷಿನಲ್ಲಿ ಬರೆದವರು ಇಂಗ್ಲಿಷಿನವರಿಗೆ ಬರೆದದ್ದು. ನಾನು ಅದನ್ನು ತಂದು ನಾಗಸಂದ್ರದವರ ತಲೆಗೆ ಕಟ್ಟಿದ್ದೆ. ಸರಿಯಾಗಿದ್ದ ಕುತ್ತಿಗೆಯನ್ನು ಐದು ದಿನ ಕೂರಿಸಿ ಕೆಡಿಸಿದ್ದೆ.

ಟೀ ಮುಗಿದು ಎಲ್ಲರೂ ಹೊರಗೆ ಬಂದರು. ಒಳಗಿನಿಂದ ಮ್ಯಾನೇಜರು ವೆಲ್‌ಫೇರ್ ಆಫೀಸರಿಗೆ ಹೇಳಿದ್ದು ಕೇಳಿಸಿತು, "ಫೌಂಡ್ರಿ ಕ್ಯಾನ್ಸಲ್. ಲಿಸ್ಟ್‌ನಲ್ಲಿರೋ ಮೊದಲನೇ ಆಫೀಸರ್ ಹೆಸರು ಹಾಕ್ಬಿಡಿ."

ಮೋಲ್ಡರು ನಲ್ಲಿಯ ಹತ್ತಿರ ನಿಂತು ಥರ್ಮಾಮೀಟರಿನ ರುಚಿ ಹೋಗಲೆಂದು ಬಾಯಿ ಮುಕ್ಕಳಿಸುತ್ತಿದ್ದರು. ನನ್ನನ್ನು ನೋಡಿ ಕೇಳಿದರು, "ನಾನು ಸರಿಯಾಗೇ ಮಾಡಿದ್ನಲ್ಲ ಅಕ್ಕ? ನೀವು ಏಳ್ದಂಗೇ ಮಾಡ್ದೆ."

ಆ ಮಾತು ಕೇಳಿ ನನಗೆ ಅಳು ಬಂತು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ವೆಲ್‌ಫೇರ್ ಆಫೀಸರಿಗೆ ವಿಷಯ ಹೇಳಿದೆ. ಒಳ್ಳೆಯ ಮನುಷ್ಯ, ನನ್ನ ಬಗ್ಗೆಯೇ ಯೋಚಿಸಿದರು. "ಬಿಟ್ಬಿಡಿ ಮೇಡಂ. ಈಗ ಹೋಗಿ ಹೇಳಿದ್ರೆ ನಿಮ್ಮ ಮೇಲೆ ಬರತ್ತೆ. ಮೊನ್ನೆ ಮೊನ್ನೆ ಖಾಯಂ ಆಗಿದೀರಿ" ಎಂದರು.

ನಾನು ಒಂದು ನಿಮಿಷ ನಿಂತೆ. ಒಂದು ನಿಮಿಷ ಮಾತ್ರ ಎಂದು ಹೇಳಿಕೊಳ್ಳಲು ನನಗೆ ಇಂದಿಗೂ ಖುಷಿ. ಆಮೇಲೆ ಮೋಲ್ಡರನ್ನೂ ಅವರ ಹೆಂಡತಿಯನ್ನೂ ಹಿಂದೆ ಕರೆದುಕೊಂಡು ಸೀದಾ ಒಳಗೆ ಹೋದೆ. ಮ್ಯಾನೇಜರೂ ಇಂಜಿನಿಯರೂ ಇನ್ನೂ ಮೇಜಿನ ಮುಂದೆಯೇ ಇದ್ದರು.

"ಸಾರ್, ತಪ್ಪು ಮಾಡಿದ್ದು ಇವರಲ್ಲ, ನಾನು" ಎಂದೆ. ನಾಲ್ಕನೆಯ ಪುಟ ತೋರಿಸಿದೆ. ಹಂತ ಎಪ್ಪತ್ತನ್ನೂ ತೋರಿಸಿದೆ.

ಮ್ಯಾನೇಜರು ಕನ್ನಡಕ ತೆಗೆದರು. "ಏನ್ರೀ ಹೇಳ್ತಿದೀರಿ? ಹೌದು ಅಂದ್ರೆ ಎಲ್ಲಾ ಕಡೆ ಹೌದೇ. ಇಷ್ಟಕ್ಕೆ ಟ್ರೈನಿಂಗ್ ಬೇರೆ ಕೊಟ್ಟಿದೀರಾ?"

"ಅದೇ ಸಾರ್ ತಪ್ಪಾಗಿದ್ದು. ಇಂಜಿನಿಯರಿಗೆ ಒಂದೇ ಒಂದು ಸಲ ಇವರನ್ನ ಟೀ ಬೇಕಾ ಅಂತ ಕೇಳೋಕೆ ಹೇಳಿ."

ನಾನೇ ಇಂಜಿನಿಯರಿಗೆ ನನ್ನ ಇಂಗ್ಲಿಷಿನಲ್ಲಿ ವಿವರಿಸಿದೆ. ಅರ್ಧ ಕೇಳುವಷ್ಟರಲ್ಲಿ ಅವರ ಮುಖ ಅರಳಿತು. ಅಲ್ಲೇ ಬಿದ್ದಿದ್ದ ಥರ್ಮಾಮೀಟರಿನ ಕಡೆ ತೋರಿಸಿ, ಮೇಜು ತಟ್ಟಿ ತಟ್ಟಿ ನಕ್ಕರು. ನಗು ನಿಂತ ಮೇಲೆ ಕೆಟಲ್ ಎತ್ತಿಕೊಂಡು ಮೋಲ್ಡರ ಮುಂದೆ ನಿಂತರು.

"ನಾಲ್ಕನೇ ಪುಟ ಮರ್ತುಬಿಡಿ" ಎಂದು ನಾನು ಮೋಲ್ಡರಿಗೆ ಹೇಳಿದೆ. "ಮನೇಲಿ ಹೆಂಗೋ ಹಂಗೇ."

"ಟೀ?"

ಮೋಲ್ಡರ ಕುತ್ತಿಗೆ ಮೊದಲು ಮೇಲಕ್ಕೆ ಹೊರಟಿತು, ಅರ್ಧದಲ್ಲಿ ನಿಂತಿತು, ಪಕ್ಕಕ್ಕೆ ಸ್ವಲ್ಪ ತಿರುಗಿತು, ಮತ್ತೆ ನಿಂತಿತು. ಪಾಪ, ಅದಕ್ಕೆ ಯಾರ ಮಾತು ಕೇಳಬೇಕೋ ತಿಳಿಯಲಿಲ್ಲ. ಅವರು ಹೆಂಡತಿಯ ಮುಖ ನೋಡಿದರು.

"ಕೊಡ್ತಾವ್ರಲ್ಲ, ಈಸ್ಕೊಳ್ಳಿ ಅತ್ಲಾಗೆ" ಎಂದರು ಆಯಮ್ಮ.

ಮೋಲ್ಡರು ತಲೆ ವಾಲಿಸಿದರು. ಕಪ್ಪು ತುಂಬ ಟೀ ಬಂತು. ಕೇಕು ಬಂತು, ಎರಡು ತುಂಡು. ಮೂರನೆಯದಕ್ಕೆ 'ಚ್' ಎಂದರು, ತಟ್ಟೆ ಅಲ್ಲೇ ನಿಂತಿತು. ಇಂಜಿನಿಯರು ಅದೇ ಉತ್ಸಾಹದಲ್ಲಿ ಮ್ಯಾನೇಜರ ಕಡೆ ತಿರುಗಿದರು. "ಟೀ?"

ನಮ್ಮ ಮ್ಯಾನೇಜರು ಇಂಗ್ಲೆಂಡಿನಲ್ಲಿ ಆರು ತಿಂಗಳು ತರಬೇತಿ ಪಡೆದವರು. ಗಾಂಭೀರ್ಯದಿಂದ ತಲೆಯನ್ನು ಕೆಳಕ್ಕೂ ಮೇಲಕ್ಕೂ ಎರಡು ಸಲ ಆಡಿಸಿದರು. ಇಂಜಿನಿಯರು ಅವರನ್ನು ದಾಟಿ ಹೋದರು. ಮ್ಯಾನೇಜರು ಇನ್ನೂ ಸ್ವಲ್ಪ ಜೋರಾಗಿ ಆಡಿಸಿದರು. ಕೆಟಲ್ಲು ಮೇಜಿನ ಆ ತುದಿಗೇ ಹೋಗಿ ಕೂತಿತು.

ವೆಲ್‌ಫೇರ್ ಆಫೀಸರು ಕಿಟಕಿಯ ಕಡೆ ತಿರುಗಿಬಿಟ್ಟರು, ಅವರ ಭುಜ ಕುಣಿಯುತ್ತಿತ್ತು. ಮೊದಲು ನಕ್ಕದ್ದು ಮ್ಯಾನೇಜರೇ. ಆ ಒಂದು ನಗುವಿಗಾಗಿ ಅವರ ಮೇಲಿದ್ದ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

"ಹಾಗಾದ್ರೆ ನಮ್ಮ ಆಫೀಸರ್‌ಗಳು ಹೋದ್ರೆ ಅಲ್ಲಿ ಉಪವಾಸ ಅಂತೀರಾ ಮೇಡಂ?"

"ಅವರಿಗೂ ಒಂದು ಶೀಟು ಮಾಡ್ಕೊಡ್ತೀನಿ ಸಾರ್" ಎಂದೆ.

ಅವರು ಫೈಲು ತೆರೆದು, ಹೊಡೆದುಹಾಕಿದ್ದ ಹೆಸರಿನ ಪಕ್ಕ ಮತ್ತೆ ಅದೇ ಹೆಸರು ಬರೆದು ಸಹಿ ಹಾಕಿದರು. ಮೋಲ್ಡರು ಕೈಯಲ್ಲಿ ಕೇಕು ಹಿಡಿದುಕೊಂಡೇ ನಮಸ್ಕಾರ ಮಾಡಿದರು. ನಾನು ಗೆಸ್ಟ್ ಹೌಸಿನಿಂದ ನಮ್ಮ ಆಫೀಸಿನವರೆಗೂ ಹೆಚ್ಚುಕಡಿಮೆ ಓಡಿಕೊಂಡೇ ಹೋದೆ, ಅಷ್ಟು ಹಗುರವಾಗಿತ್ತು ಮನಸ್ಸು. ಸೋಮವಾರ ಬೆಳಿಗ್ಗೆ ಹೊಸ ಸ್ಟೆನ್ಸಿಲ್ ಕೊರೆದೆ. 'ಹಂತ ೭೦: ತಲೆಯಾಡಿಸುವುದು. ನಿಮ್ಮ ಮನೆಯಲ್ಲಿ ಹೇಗೋ ಅಲ್ಲೂ ಹಾಗೆಯೇ. ಇಂಗ್ಲಿಷಿನವರ ಹಾಗೆ ಮಾಡಿದರೆ ಊಟ ತಪ್ಪುತ್ತದೆ.' ಅದನ್ನು ಮೋಲ್ಡರ ಹೆಂಡತಿಗೆ ಓದಿ ಹೇಳಿ ಒಪ್ಪಿಗೆ ಪಡೆದ ಮೇಲೆಯೇ ಸೈಕ್ಲೋಸ್ಟೈಲಿಗೆ ಕಳಿಸಿದೆ.

ಅವರು ಹೋದ ಎರಡು ವಾರ ನನಗೆ ಕೆಲಸದಲ್ಲಿ ಮನಸ್ಸಿರಲಿಲ್ಲ. ಕೆಂಪು ಬಾವುಟದ ವಿಷಯ ಅವರಿಗೆ ನೆನಪಿರುತ್ತದೋ ಇಲ್ಲವೋ, ನೀರು ಸೊಂಟ ದಾಟಿತೋ ಏನೋ ಎಂದು ಒಬ್ಬಳೇ ಕೂತು ಪೇಚಾಡುತ್ತಿದ್ದೆ. ವಾಪಸು ಬಂದ ಮೊದಲ ಸೋಮವಾರ ಪಾಳಿ ಬಿಟ್ಟ ಮೇಲೆ ಮೋಲ್ಡರೂ ಅವರ ಹೆಂಡತಿಯೂ ನನ್ನ ಮೇಜಿನ ಮುಂದೆ ಬಂದು ಕೂತರು. ಮುಂದಿನ ವರ್ಷ ಹೋಗುವವರಿಗೆ ತಿದ್ದಿದ ಶೀಟು ಬೇಕೆಂದು ವೆಲ್‌ಫೇರ್ ಆಫೀಸರು ಹೇಳಿದ್ದರು. ನಾನು ಹಾಳೆ ಸಿಕ್ಕಿಸಿಕೊಂಡೆ. ಆಯಮ್ಮ ಒಂದೊಂದಾಗಿ ಹೇಳಿದರು.

"ಉಪ್ಪಿನಕಾಯಿ ಒತ್ಕೊಂಡು ಓಗೋದು ಬ್ಯಾಡ, ಅವ್ರೇ ಬೇಕಾದಂಗೆ ಮಾಡ್ತಾರೆ. ಸೌತೆಕಾಯಿ ಮಜ್ಜಿಗೇಗ್ ಆಕಿ ತಣ್ಣಗೆ ಕೊಡ್ತಾರೆ, ಸಕ್ಕತ್ತಾಗಿರ್ತದೆ, ಅದನ್ನ ಊಟಕ್ಕೆ ಮೊದ್ಲೇ ಕುಡೀಬೇಕು, ನಾವು ಕಡೇಗೆ ಅಂತ ಎತ್ತಿಟ್ಕೊಂಡು ಕೂತಿದ್ವಿ. ಚಪ್ಲಿ ಬುಟ್ಟು ಮರಳ ಮೇಲೆ ಓಗ್ಬಾರ್ದು, ಕಾಲು ಸುಡ್ತದೆ. ಆ ಬಿಸ್ಲಲ್ಲಿ ಜನ ಸಂಡಿಗೆ ಅರವಿದಂಗೆ ಬಿದ್ದಿರ್ತಾರೆ, ಮೊದಲ್ನೇ ದಿನ ನೋಡಕ್ಕೆ ನಾಚ್ಕೆ ಆಯ್ತದೆ, ಎರಡ್ನೇ ದಿನ ಏನೂ ಅನ್ಸಾಕಿಲ್ಲ. ಅಂಗಂತ ಬರ್ಕೊಳ್ಳಿ."

ನಾನು ನಗುತ್ತಾ ಅಷ್ಟನ್ನೂ ಹೊಡೆದೆ. "ನೀವೇನೂ ಹೇಳ್ತಿಲ್ವಲ್ಲ" ಎಂದು ಮೋಲ್ಡರನ್ನು ಕೇಳಿದೆ.

"ಅವ್ರ ಕತೆ ಕೇಳ್ಬೇಡಿ" ಎಂದರು ಹೆಂಡತಿ. "ರಜಾ ಅಂತ ಕಳ್ಸಿದ್ರೆ ಅಲ್ಲೂ ಡ್ಯೂಟಿ ಮಾಡವ್ರೆ."

ನಡೆದದ್ದು ಹೀಗೆ. ಹುಣ್ಣಿಮೆಯವರೆಗೆ ನೀರಿಗಿಳಿಯುವ ಹಾಗಿರಲಿಲ್ಲವಲ್ಲ, ಮೋಲ್ಡರು ದಡದಲ್ಲಿ ಸುಮ್ಮನೆ ಕೂತಿದ್ದರು. ಎರಡು ದಿನ ಕೂತರು. ಮೂರನೆಯ ದಿನ ಕೈ ಸುಮ್ಮನಿರದೆ ಒದ್ದೆ ಮರಳು ಹಿಡಿದು ನೋಡಿದರು. ಸಣ್ಣ ಕಾಳು, ಮುಷ್ಟಿ ಕಟ್ಟಿದರೆ ನಿಲ್ಲುತ್ತಿತ್ತು. ಊಟದ ಮನೆಯಿಂದ ಒಂದು ಚಮಚ ತಂದು, ನಮ್ಮ ಲೇತಿನ ತಲೆಭಾಗದ ಅಚ್ಚನ್ನು ಅಳತೆ ಕಣ್ಣಲ್ಲೇ ಹಿಡಿದು ಕಟ್ಟಲು ಶುರು ಮಾಡಿದರು. ಮಕ್ಕಳು ಸೇರಿದರು. ಆಮೇಲೆ ದೊಡ್ಡವರು. ಅಲ್ಲಿಗೆ ಬಂದವರೆಲ್ಲ ಯಂತ್ರ ಕಾರ್ಖಾನೆಯವರೇ ಆದ್ದರಿಂದ ಅದು ಆಟದ ಮನೆಯಲ್ಲ ಎಂದು ಅವರಿಗೆ ಗೊತ್ತಾಯಿತು. ಜನರ ನಡುವಿನಿಂದ ಚಡ್ಡಿ ಹಾಕಿದ ದೊಡ್ಡಾಳು ಒಬ್ಬ ಮುದುಕ ಬಂದು ಕುಕ್ಕರಗಾಲಲ್ಲಿ ಕೂತ. ಮುಂಗೈ ಮೇಲೆಲ್ಲ ಕಿಡಿ ಸಿಡಿದ ಕಲೆಗಳು.

"ನೋಡಿದ್ ತಕ್ಷಣ ತಿಳೀತು, ನಮ್ಮವ್ನೇ ಅಂತ" ಎಂದು ಮೋಲ್ಡರು ತಮ್ಮ ಮುಂಗೈ ಚಾಚಿ ತೋರಿಸಿದರು. ಅಲ್ಲೂ ಅವೇ ಕಲೆಗಳಿದ್ದವು.

ಮುದುಕ ಅಚ್ಚನ್ನು ಸುತ್ತಲೂ ನೋಡಿ, ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ, ಎದ್ದು ಹೋದನಂತೆ. ಅವನ ಹೆಂಡತಿ ಛತ್ರಿಯ ಕೆಳಗೆ ಉಣ್ಣೆಯ ಸ್ವೆಟರು ಹೆಣೆಯುತ್ತಾ ಕೂತಿದ್ದಳು. ಅವಳ ಕೈಯಿಂದ ಒಂದು ಕಡ್ಡಿಯನ್ನು ಸರಕ್ಕನೆ ಎಳೆದುಕೊಂಡು ಬಂದು, ಅಚ್ಚಿನ ಬೆನ್ನಿನ ಮೇಲೆ ಸಾಲಾಗಿ ಸಣ್ಣ ಸಣ್ಣ ತೂತು ಚುಚ್ಚಿದ. ಕಾದ ಕಬ್ಬಿಣ ಹೊಯ್ದಾಗ ಒಳಗಿನ ಗಾಳಿ ಹೊರಗೆ ಹೋಗಲಿಕ್ಕೆ ಆ ತೂತುಗಳು ಬೇಕು. ಮೋಲ್ಡರು ಅದಕ್ಕೆ ಕಡ್ಡಿ ಸಿಗದೆ ಬಿಟ್ಟಿದ್ದರು.

"ಆಯಮ್ಮ ಬಂದು ಗಂಡನಿಗೆ ಬೈದ್ಲು ನೋಡಿ" ಎಂದು ಮೋಲ್ಡರ ಹೆಂಡತಿ ನಕ್ಕರು. "ಎಣೆದಿದ್ದೆಲ್ಲ ಬಿಚ್ಚೋಗಿತ್ತು. ಅವ್ಳ ಮಾತು ಒಂದೂ ಬರಾಕಿಲ್ಲ ನಂಗೆ, ಆದ್ರೆ ಬೈದಿದ್ದು ಒಂದಕ್ಷರ ಬಿಡ್ದಂಗೆ ತಿಳೀತು."

ಇಬ್ಬರು ಗಂಡಸರೂ ಬೈಗುಳ ತಿಂದುಕೊಂಡೇ ಸಂಜೆಯವರೆಗೆ ಅಚ್ಚು ಮುಗಿಸಿದರು. ಮಾರನೆಯ ಬೆಳಿಗ್ಗೆ ಹೋಗಿ ನೋಡಿದರೆ ಯಾರೋ ಸುತ್ತಲೂ ಕಲ್ಲು ಜೋಡಿಸಿದ್ದರು, ತಿಳಿಯದೆ ತುಳಿಯಬಾರದು ಅಂತ. ಮರಳು ಒಣಗಿ ಉದುರದ ಹಾಗೆ ಆ ಮುದುಕ ಬೆಳಿಗ್ಗೆ ಸಂಜೆ ನೀರು ಚಿಮುಕಿಸುತ್ತಿದ್ದ. ಹುಣ್ಣಿಮೆ ಬಂತು, ಇವರು ನೀರಿಗಿಳಿದರು, ಕುಣಿದರು, ಉಪ್ಪು ನೀರು ಕುಡಿದರು. ಅಚ್ಚು ಅಲ್ಲೇ ಇತ್ತು. ಹೊಸದಾಗಿ ಬಂದವರನ್ನು ಹಳಬರು ಕರೆದುಕೊಂಡು ಬಂದು ತೋರಿಸುತ್ತಿದ್ದರು.

ಮೋಲ್ಡರು ಮೇಜಿನ ಅಂಚು ಸವರುತ್ತಾ ನಿಧಾನವಾಗಿ ಹೇಳಿದರು.

"ನಾವು ಅಚ್ಚು ಕಟ್ತೀವಿ, ಅವ್ರು ಕಬ್ಣ ಉಯ್ತಾರೆ, ಆರಿದ್ ಮ್ಯಾಕೆ ಒಡೆದಾಕ್ತಾರೆ. ಕಸುಬೇ ಅಂಗೆ, ಒಡೀಲೇಬೇಕು. ಇಪ್ಪತ್ತು ವರ್ಸದಿಂದ ದಿನಾ ಕಟ್ಟಿವ್ನಿ, ದಿನಾ ಒಡೆದವ್ರೆ. ಮಷೀನು ನೋಡಕ್ಕೆ ಡೆಲ್ಲಿಯಿಂದ ಬತ್ತಾರೆ. ಅಚ್ಚು ನೋಡಕ್ಕೆ ಅಂತ ಯಾರೂ ಬಂದಿಲ್ಲ."

"ನೀವು ಹೊರಡೋ ದಿನಾನೂ ಇತ್ತಾ?" ಎಂದೆ.

ಅವರು ತಲೆ ವಾಲಿಸಿದರು. "ಇತ್ತು. ಅಷ್ಟು ಜನ ಓಡಾಡೋ ಜಾಗ, ಮಕ್ಳೂ ಮರಿ" ಎಂದರು. "ಯಾರೂ ಒಡೀಲಿಲ್ಲ ಕಣಕ್ಕ."